ತೊಳೆದ ಗುಂಡಿ

ಗುಂಡಿಯ ತಳದ ಇಟ್ಟಿಗೆಗಳನ್ನು ಒಂದೊಂದಾಗಿ ಎಣಿಸಬಹುದಾಗಿತ್ತು. ನಾಗಶ್ರೀ ಅಂಚಿಗೆ ಕೈಯೂರಿ ಬಗ್ಗಿ ನೋಡಿದಳು. ಮೊಣಕಾಲುದ್ದ ತಿಳಿನೀರು, ಅದರಿಂದ ಮೂಗಿಗೆ ಅಡರುವ ಬ್ಲೀಚಿಂಗ್ ಪೌಡರಿನ ವಾಸನೆ. ಗುಂಡಿಯನ್ನು ಮುಚ್ಚಿದ್ದ ಕಬ್ಬಿಣದ ಡ್ರಮ್ಮನ್ನು ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಎಳೆದು ತೆಂಗಿನಮರಕ್ಕೆ ಒರಗಿಸಿದ್ದರು. ಅದಕ್ಕೂ ಹೊಸದಾಗಿ ಕರಿಬಣ್ಣ ಬಳಿದಿತ್ತು.

"ಮೂರ್ ದಿನ ಹಿಡೀತು ಕಣವ್ವ," ಎಂದರು ಪಕ್ಕದಲ್ಲಿ ನಿಂತಿದ್ದ ಪುಟ್ಟಮಲ್ಲಪ್ಪ. "ಈಗ ಎಲ್ಲಿ ಬೇಕಾರ ಕೈ ಆಕು. ಒಂಚೂರೂ ಗಲೀಜಿಲ್ಲ."

ನಾಗಶ್ರೀ ಕೈಯಲ್ಲಿದ್ದ ಖಾಲಿ ಸೀಸೆಯನ್ನು ಕೆಳಗಿಟ್ಟಳು.

ಅಗರ ಹಳ್ಳಿಯ ಈ ಗೋಬರ್ ಗ್ಯಾಸ್ ಗುಂಡಿಯ ತಳದಿಂದ ಮೂರು ವರ್ಷದ ಹಿಂದೆ ಅವಳೇ ಒಂದು ಸೀಸೆ ಬಗ್ಗಡ ತುಂಬಿಕೊಂಡು ಮೈಸೂರಿನ ತನ್ನ ಪ್ರಯೋಗಾಲಯಕ್ಕೆ ಒಯ್ದಿದ್ದಳು. ಸಗಣಿಯಿಂದ ಕೊನೆಗೆ ಗ್ಯಾಸ್ ಹೊರಡಿಸುವುದು ಕಣ್ಣಿಗೆ ಕಾಣದ ಜೀವಿಗಳು. ಬ್ಯಾಕ್ಟೀರಿಯಾದಂತೆ ಕಂಡರೂ ಅವು ಬ್ಯಾಕ್ಟೀರಿಯಾ ಅಲ್ಲ, ಆರ್ಕಿಯಾ ಎಂಬ ಬೇರೆಯದೇ ಕುಲ. ಭೂಮಿಯ ಗಾಳಿಗೆ ಆಮ್ಲಜನಕ ಸೇರುವುದಕ್ಕೂ ಹಿಂದಿನವು. ಆ ಹಳೆಯ ಹಟವನ್ನು ಇನ್ನೂ ಬಿಟ್ಟಿಲ್ಲ; ಗಾಳಿ ಸೋಕಿದರೆ ಸಾಯುತ್ತವೆ.

ಜೀವಕೋಶವೊಂದು ಎರಡಾಗುವಾಗ ಸಾಮಾನ್ಯವಾಗಿ ಸರಿಯಾಗಿ ನಡುವೆ ಸೀಳಿಕೊಳ್ಳುತ್ತದೆ. ಪುಟ್ಟಮಲ್ಲಪ್ಪನವರ ಗುಂಡಿಯಲ್ಲಿ ಸಿಕ್ಕ ಆರ್ಕಿಯಾ ಹಾಗೆ ಮಾಡುತ್ತಿರಲಿಲ್ಲ. ಮೊದಲು ಪಕ್ಕಕ್ಕೊಂದು ತೆಳ್ಳನೆಯ ದಾರ ಚಾಚುತ್ತಿತ್ತು. ದಾರದ ತುದಿಯಲ್ಲಿ ಇನ್ನೊಂದು ಕೋಶ ನಿಧಾನವಾಗಿ ಊದಿಕೊಳ್ಳುತ್ತಿತ್ತು. ಅದು ಪೂರಾ ಬೆಳೆದ ಮೇಲೆಯೇ ದಾರ ಕಡಿಯುತ್ತಿತ್ತು. ಅದನ್ನು ಮೊದಲ ಸಲ ಕಂಡ ದಿನ ನಾಗಶ್ರೀ ಸೂಕ್ಷ್ಮದರ್ಶಕದ ಮುಂದೆ ಕೂತು ಅತ್ತಿದ್ದಳು. ಎರಡೇ ಸಲ ಅದರ ಚಿತ್ರೀಕರಣ ಮಾಡಲು ಸಾಧ್ಯವಾಗಿತ್ತು. ಲೇಖನ ಕಳಿಸಿದರೆ, ಎರಡು ಸಲ ಕಂಡದ್ದು ಸಾಲದು, ಇನ್ನೊಮ್ಮೆ ತೋರಿಸಿ ಎಂದು ವಿಜ್ಞಾನ ಪತ್ರಿಕೆಯವರು ಬರೆದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅಷ್ಟರಲ್ಲಿ ದಸರಾ ರಜೆಯಲ್ಲಿ ಪ್ರಯೋಗಾಲಯದ ಗಾಳಿಯಾಡದ ಪೆಟ್ಟಿಗೆಯೊಳಗೆ ಹೇಗೋ ಗಾಳಿ ನುಗ್ಗಿ, ಸೀಸೆಗಳಲ್ಲಿದ್ದವೆಲ್ಲ ಸತ್ತುಹೋದವು. ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿಟ್ಟವೂ ಮತ್ತೆ ಜೀವ ತಳೆಯಲಿಲ್ಲ. ಉಳಿದದ್ದು ಈ ಗುಂಡಿಯೊಂದೇ. ಇಲ್ಲಿಯೂ ಸಿಗದಿದ್ದರೆ ಲೇಖನವನ್ನು ವಾಪಸು ಪಡೆಯಬೇಕು. ಮೂರು ವರ್ಷದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಭಾನುವಾರ ಬರುತ್ತೇನೆ, ಗುಂಡಿಯ ತಳದಿಂದ ಸ್ವಲ್ಪ ತೆಗೆಯಬೇಕು ಎಂದು ಅವಳು ಹೋದ ವಾರ ಫೋನು ಮಾಡಿದ್ದಳು. ಅದನ್ನು ಮುಟ್ಟಬೇಡಿ ಎಂದು ಹೇಳಬೇಕೆಂದು ಹೊಳೆದಿರಲಿಲ್ಲ. ಸಗಣಿ ಗುಂಡಿಯನ್ನು ನೆಂಟರ ಕೋಣೆಯಂತೆ ಯಾರಾದರೂ ತೊಳೆದಿಡುತ್ತಾರೆಂದು ಯಾರಿಗೆ ತಾನೇ ಹೊಳೆದೀತು? ಪಕ್ಕದ ಯಳಂದೂರಿನಲ್ಲೇ ಹುಟ್ಟಿ ಬೆಳೆದವಳು ತಾನು, ತನಗಾದರೂ ಹೊಳೆಯಬೇಕಿತ್ತು ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ತೆಗೆದ ಬಗ್ಗಡ ಎಲ್ಲಿ ಎಂದು ಕೇಳಿದಳು. ಪುಟ್ಟಮಲ್ಲಪ್ಪನವರ ಮಗ ಬಸವೇಶ ಅದನ್ನು ಮೋಟಾರಿನಿಂದ ಎತ್ತಿ ಅರಿಸಿನದ ಹೊಲಕ್ಕೆ ಹಾಯಿಸಿದ್ದ. ನಾಗಶ್ರೀ ಹೊಲಕ್ಕೆ ಓಡಿದಳು. ಮೂರು ದಿನದ ಬಿಸಿಲಿಗೆ ಬಗ್ಗಡ ಹಪ್ಪಳದಂತೆ ಸೆಟೆದು ಬಿರುಕುಬಿಟ್ಟಿತ್ತು. ಬೆರಳಲ್ಲಿ ಕೆದಕಿದಳು. ಅಡಿಯವರೆಗೂ ಒಣಗಿತ್ತು. ಅಲ್ಲೇ ಬದುವಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದು ಎದ್ದು ಬಂದಳು.

ಸೊಸೆ ಭವ್ಯ ಕಾಫಿ ತಂದುಕೊಟ್ಟಳು. ಜಗಲಿಯ ಮೇಲೆ ಕೂತ ಪುಟ್ಟಮಲ್ಲಪ್ಪ ಕೇಳದೆಯೇ ಹೇಳತೊಡಗಿದರು. ಇದು ಅವರ ಬುದ್ಧಿಯಲ್ಲವಂತೆ, ಕಾರ್ತೀಕದಲ್ಲಿ ತೀರಿಕೊಂಡ ಅವರ ಹೆಂಡತಿ ಗುರುಬಸಮ್ಮನ ಮಾತಂತೆ. ಹಿಂದಿನ ಸಲ ಓದಿದ ಹೆಣ್ಣುಮಗಳೊಬ್ಬಳು ಭುಜದವರೆಗೆ ಸಗಣಿಯಲ್ಲಿ ಕೈ ಇಳಿಬಿಟ್ಟದ್ದನ್ನು ಕಂಡು ಗುರುಬಸಮ್ಮನಿಗೆ ಬಹಳ ನಾಚಿಕೆಯಾಗಿತ್ತು. ಹಾಸಿಗೆ ಹಿಡಿದ ಮೇಲೂ ಅದನ್ನೇ ಹೇಳುತ್ತಿದ್ದರು.

"'ಆ ಮಗ ಇನ್ನೊಂದ್ ದಪ ಬರೋವೊತ್ಗೆ ಗುಂಡಿ ತೊಳ್ಸಿಕ್ಕಿ' ಅಂತಿದ್ಲು. ಅವ್ಳಿರೋಗಂಟ ಮಾಡ್ನಿಲ್ಲ. ಈಗ ಮಾಡ್ದೆ," ಎಂದರು.

ನಾಗಶ್ರೀಯ ಸಿಟ್ಟಿಗೆ ಇನ್ನು ಹೋಗಲು ಜಾಗವಿರಲಿಲ್ಲ. ಹೆಂಡತಿಯ ಮಾತು ನಡೆಸಿಕೊಟ್ಟೆನೆಂದು ನೆಮ್ಮದಿಯಾಗಿ ಕೂತಿರುವ ಮುದುಕನಿಗೆ ಏನೆಂದು ಹೇಳುವುದು? ಹೇಳದೆ ಇದ್ದುಬಿಡುವುದೆಂದು ತೀರ್ಮಾನಿಸಿದಳು. ಬಂದ ಕೆಲಸ ಮುಗಿಸುವವಳಂತೆ ಸೀಸೆಯನ್ನು ಹಗ್ಗದಲ್ಲಿ ಇಳಿಸಿ ಆ ತಿಳಿನೀರನ್ನೇ ತುಂಬಿ, ಬಿಗಿಯಾಗಿ ಬಿರಡೆ ಹಾಕಿ, ಚೀಟಿ ಅಂಟಿಸಿ ತಾರೀಖು ಬರೆದಳು. ಪುಟ್ಟಮಲ್ಲಪ್ಪ ಪಕ್ಕದಲ್ಲೇ ನಿಂತು ಸಂತೋಷದಿಂದ ನೋಡುತ್ತಿದ್ದರು.

ಹೊರಡುವಾಗ ಅವರು ಕೇಳಿದರು, ಅವಳು ಹಿಂದಿನ ಸಲ ಹೇಳಿದ್ದ ಆ ಜೀವಿಗಳನ್ನು ಒಂದು ಸಲ ತಮಗೂ ತೋರಿಸಲಾಗುತ್ತದೆಯೇ ಎಂದು. ಗುರುಬಸಮ್ಮನಿಗೂ ಆ ಆಸೆ ಇತ್ತಂತೆ. ನಾಗಶ್ರೀ ಫೋನು ತೆಗೆದು, ಇದ್ದ ಎರಡು ವಿಡಿಯೊಗಳಲ್ಲಿ ಒಂದನ್ನು ತೋರಿಸಿದಳು. ದುಂಡನೆಯದೊಂದು ನಡುಗಿತು, ದಾರ ಚಾಚಿತು. ತುದಿಯಲ್ಲಿ ಮರಿಯೊಂದು ಊದಿಕೊಳ್ಳುತ್ತ ಬಂತು. ಪುಟ್ಟಮಲ್ಲಪ್ಪ ಕನ್ನಡಕ ಏರಿಸಿಕೊಂಡು ಉಸಿರು ಹಿಡಿದು ನೋಡಿದರು.

"ಇವು ನಮ್ ಗುಂಡೀವಾ?"

"ಹೌದು ತಾತ. ಬೇರೆಲ್ಲೂ ಯಾರೂ ಕಂಡಿಲ್ಲ."

"ಈಗ ಒಳಗೆ ಅವೆಯಾ?"

ಇವೆ ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೂ ಬಂತು. ಆದರೆ ಮೂರು ವರ್ಷ ಕಂಡದ್ದನ್ನು ಕಂಡಂತೆಯೇ ಬರೆದು ರೂಢಿಯಾದವಳಿಗೆ ಆ ಒಂದು ಮಾತು ಹೊರಡಲಿಲ್ಲ.

"ಇಲ್ಲ ತಾತ."

ಪುಟ್ಟಮಲ್ಲಪ್ಪ ಗುಂಡಿಯ ಕಡೆ ನೋಡಿದರು, ಅವಳ ಕೈಯ ಸೀಸೆ ನೋಡಿದರು. "ತೊಳ್ದಿದ್ಕಾ?" ಎಂದರು. ನಾಗಶ್ರೀ ತಲೆ ತಗ್ಗಿಸಿದಳು. ತಪ್ಪು ನನ್ನದು, ನಾನು ಮೊದಲೇ ಹೇಳಬೇಕಿತ್ತು ಎಂದಳು. ಅವರಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಗುಂಡಿಯ ಅಂಚಿನ ಮೇಲೆ ಮೆಲ್ಲಗೆ ಕುಳಿತುಕೊಂಡರು.

"ಇಪ್ಪತ್ತೆಂಟ್ ವರ್ಸ ಹೊತ್ತಾರೆ ಎದ್ದು ಸಗಣಿ ಕಲ್ಸಿ ಉಯ್ತಿದ್ಲು," ಎಂದರು. "ಜರ ಬಂದಿದ್ರೂ ಬುಡ್ತಿರ್ನಿಲ್ಲ. ಒಲೆ ಉರೀಲಿ ಅಂತ ಉಯ್ತಾವ್ಳೆ ಅನ್ಕಂಡಿದ್ದೆ. ಇವ್ಕೆ ಇಕ್ತಿದ್ಲು."

ನಾಗಶ್ರೀಗೆ ಹೇಳಿ ಕೆಟ್ಟೆನೆನಿಸಿತು. ಸಂಕಟದಿಂದ ಅವರ ಪಕ್ಕದಲ್ಲಿ ಕೂತಳು.

ಪುಟ್ಟಮಲ್ಲಪ್ಪ ಎದ್ದು ಕೊಟ್ಟಿಗೆಗೆ ಹೋದರು. ಬಕೀಟಿನ ತುಂಬ ಸಗಣಿ ತಂದು ನೀರು ಹಾಕಿ ಕೈಯಿಂದಲೇ ಕಲಸತೊಡಗಿದರು. ಆ ಕೆಲಸ ಅವರ ಕೈಗೆ ಹೊಸದು. ಗಂಟುಗಳು ಉಳಿದವು. ಬಗ್ಗಿ ಗುಂಡಿಗೆ ಸುರಿದರು. ತಿಳಿನೀರಿನಲ್ಲಿ ಸಗಣಿ ಹೊಗೆಯಂತೆ ಹರಡಿತು.

"ಬತ್ತಾವಾ ಮಗ?"

"ಬ್ಲೀಚಿಂಗ್ ವಾಸನೆ ಹೋಗಬೇಕು, ಡ್ರಮ್ ಮುಚ್ಚಬೇಕು. ಆಮೇಲೆ ಬರ್ತವೆ ತಾತ, ಸಗಣಿಯಲ್ಲೇ ಇರ್ತವೆ. ಆದ್ರೆ ಅವೇ ಬರ್ತವೆ ಅಂತ ಹೇಳಕ್ಕಾಗಲ್ಲ."

"ಯಾವಾದ್ರೂ ಬರ್ಲಿ ಬುಡವ್ವ," ಎಂದರು ಪುಟ್ಟಮಲ್ಲಪ್ಪ. "ಅವೂ ಉಣ್ಬೇಕಲ್ಲ."

ಅವರು ಮತ್ತೆ ಕೊಟ್ಟಿಗೆಯ ಕಡೆ ನಡೆದರು. ನಾಗಶ್ರೀ ಸೀಸೆಯ ಬಿರಡೆ ತೆಗೆದು, ನೀರನ್ನು ತೆಂಗಿನಮರದ ಬುಡಕ್ಕೆ ಚೆಲ್ಲಿ, ಕುರ್ತಾದ ತೋಳು ಮೇಲಕ್ಕೆ ಮಡಿಸಿಕೊಂಡು ಅವರ ಹಿಂದೆ ಹೋದಳು.