ಚಾಪೆಯ ಎಡಬದಿ

ಅಷ್ಟೊಂದು ಹುಲ್ಲಿದ್ದೂ ಮೇಯೋಕೆ ಒಂದು ದನಾನೂ ಇಲ್ವಂತಾ — ಜೋರಾಗಿಯೇ ಕೇಳಿಬಿಟ್ಟೆ, ಯಾರನ್ನೂ ಅಲ್ಲ, ಯಾರೂ ತಿರುಗಿ ನೋಡಲೂ ಇಲ್ಲ, ಜಯದೇವಪ್ಪ ಮೇಷ್ಟ್ರೂ ವಿಶ್ವನಾಥನೂ ಜಗಲಿಯಲ್ಲಿ ಒಂದೇ ಮೊಬೈಲಿಗೆ ಬಗ್ಗಿದ್ದಾರೆ, ತರೀಕೆರೆ ದಾಟಿ ಮೇಲಕ್ಕೆ ಹತ್ತಿದರೆ ಸಿಗುತ್ತದಂತೆ ವಿಶ್ವನಾಥ ಕೆಲಸಕ್ಕಿರುವ ಗಾಲ್ಫ್ ಮೈದಾನ, ಗುಡ್ಡ, ಗುಡ್ಡದ ತುಂಬ ಮರ, ನಡುನಡುವೆ ಈಗಷ್ಟೇ ಕ್ಷೌರ ಮಾಡಿದ ಕೆನ್ನೆಯಂಥ ಹುಲ್ಲು, ನಮ್ಮಮ್ಮನ ತವರು ಎಮ್ಮೆದೊಡ್ಡಿಯ ಹುಲ್ಲುಗಾವಲಿನ ಹೋರಿಗಳನ್ನು ಅಲ್ಲಿಗೆ ಬಿಡಬೇಕು, ಭಾನುವಾರ ಆ ಮರಗಳಡಿ ಮೇಷ್ಟ್ರು ವನವಾಸದ ಪದ್ಯ ಓದಬೇಕಂತೆ, ಆಡಲು ಬಂದವರು ಕೂತು ಕೇಳುತ್ತಾರಂತೆ, ತಿಂಡಿ ಇಲ್ಲೇ ಮುಗಿಸೋದೋ ತರೀಕೆರೆಯಲ್ಲೋ, ಬಿಸಿಲೇರುವ ಮೊದಲೇ ಶುರು ಮಾಡೋಣವೋ, ಎಲ್ಲ ಮಾತೂ ಅವರಿಬ್ಬರದೇ, ಆ ಬಿಳಿ ಬೂಟು ಮಾತ್ರ ಚಾಪೆಯ ಮೇಲೆ ನನ್ನ ಕಡೆ ಮುಖ ಮಾಡಿದೆ, ಮೇಷ್ಟ್ರಿಗೆಂದು ವಿಶ್ವನಾಥ ಕಡೂರಿನಿಂದ ತಂದದ್ದು, ಚಾಪೆಯ ಎಡಬದಿಗೆ, ನಾನು ಕೂರುವ ಜಾಗಕ್ಕೇ ಇಟ್ಟಿದ್ದಾನೆ, ಪದ್ಯ ಓದುವ ಚಾಪೆಯ ಮೇಲೆ ಯಾರಾದರೂ ಮೆಟ್ಟು ಇಡುತ್ತಾರೆಯೇ, ಹೊಸದು ಕಣ್ರೀ, ಇನ್ನೂ ನೆಲ ಮುಟ್ಟಿಲ್ಲ, ಅಂತಾನೆ. ಮೊದಲು ಅದು ಅಪ್ಪನ ಜಾಗ, ಬುಕ್ಕಾಂಬುಧಿ ಕೆರೆ ಏರಿಯ ಮಂಟಪ, ಅಪ್ಪನ ತೊಡೆಯ ಬಿಸಿ, ಪದ್ಯ ಮುಗಿಸಿ ಓದುವವರು ಉಸಿರಿಗೆ ನಿಂತಾಗ ಎಡಕ್ಕೆ ಕೂತವನು ಹೂಂ ಅನ್ನಬೇಕು, ಅವನು ಅನ್ನದೆ ಮುಂದಿನ ಪದ್ಯ ಎತ್ತುವಂತಿಲ್ಲ, ಅಪ್ಪನ ನಂತರ ನಾನು, ಅಕ್ಷರ ಬಾರದ ನನಗೆ ದೇವರ ಮುಂದೆ ಇಡಲು ಇದ್ದದ್ದು ಆ ಹೂಂ ಒಂದೇ, ನಿನ್ನ ಕಾಲಿಗೆ ಯಾವ ಬೂಟು ಆಗ್ತದೆ ಓಬಳಪ್ಪ, ಬರಿಗಾಲಲ್ಲಿ ಒಳಗೆ ಬಿಡಲ್ವಂತೆ, ನೀನು ಮನೇಲಿರು ಕಣಯ್ಯ, ವಿಶ್ವನಾಥ ಕೂರ್ತಾನೆ ಅಂದರಲ್ಲ ನಿನ್ನೆ ಮೇಷ್ಟ್ರು, ನಗುತ್ತಲೇ ಅಂದರು, ನಾನೂ ನಕ್ಕೆ, ಮನೆಗೆ ಹೋಗಿ ಅಳಿಯನ ಬೂಟಿಗೆ ಕಾಲು ತುರುಕಿದೆ, ಹೆಬ್ಬೆರಳು ನುಗ್ಗಿತು, ಒಡೆದ ಹಿಮ್ಮಡಿ ಹೊರಗೇ ಉಳಿಯಿತು, ಬಾಗಿಲಲ್ಲಿ ಹೆಂಡತಿ ಕಾಶಮ್ಮ, ಮದ್ವೇಲೂ ಮೆಟ್ಟದೋರು ಈಗ್ಯಾವ ದೊರೆ ಮನೆಗೆ ಹೊಂಟ್ರಿ ಅಂತ. ಸ್ವಾಮೀ, ಹೊಟ್ಟೆಯಲ್ಲಿ ಇದೇನು ಉರಿ, ಪದ್ಯದೊಳಗೆ ಹೊಟ್ಟೆಕಿಚ್ಚಿನವರು ಬಂದಾಗಲೆಲ್ಲ ಎಷ್ಟು ನಿಶ್ಚಿಂತೆಯಿಂದ ಹೂಂ ಅಂದಿದ್ದೇನೆ, ಅದು ಯಾರದೋ ಸುದ್ದಿ ಎಂಬಂತೆ — ಅಷ್ಟರಲ್ಲಿ ಜಗಲಿಯಲ್ಲಿ ಮೇಷ್ಟ್ರು ರಾಗ ಎತ್ತಿದರು, ಅಭ್ಯಾಸಕ್ಕೆ, ರಾಜ್ಯ ಬಿಟ್ಟವರು ಕಾಡಿನ ಅಂಚಿನಲ್ಲಿ ನಿಂತು ಹಿಂತಿರುಗಿ ನೋಡುವ ಕಡೆ, ಅಲ್ಲಿ ದನಿ ಇಳಿಸುತ್ತಾರೆ, ಆದರೆ ಪದ್ಯ ಮುಗಿದಿರುವುದಿಲ್ಲ, ಅಲ್ಲಿ ಕಾಯಬೇಕು, ಉಸಿರು ಹಿಡಿದು — ಹೂಂ ಅಂದೇಬಿಟ್ಟ ವಿಶ್ವನಾಥ, ಕಂಡಕ್ಟರು ರೈಟ್ ಅಂದಹಾಗೆ, ದನಿ ಇನ್ನೂ ಗಾಳಿಯಲ್ಲಿರುವಾಗಲೇ. ನನ್ನ ನಾಲಿಗೆಗೆ ಬೆಲ್ಲ ಇಟ್ಟಂತಾಯಿತು, ನಾಚಿಕೆಯೂ ಆಯಿತು, ಬೆಲ್ಲವೇ ಹೆಚ್ಚು, ಮೇಷ್ಟ್ರು ನಿಲ್ಲಿಸಿ ಈಗ ನನ್ನ ಕಡೆ ತಿರುಗುತ್ತಿದ್ದಾರೆ, ಬೂಟು ಹಾಳಾಗಿ ಹೋಗ್ಲಿ ಬಾರಯ್ಯ ಅಂತಾರೆ, ಅಂದೇ ಅಂತಾರೆ,

ಓಬಳಪ್ಪ, ಭಾನುವಾರದೊಳಗೆ ಇವನಿಗೆ ಹೂಂ ಅನ್ನೋದೊಂದು ಹೇಳ್ಕೊಡಪ್ಪ. ನೀನು ಹೇಳ್ಕೊಟ್ರೇನೇ ಬರೋದು.

ಅವರು ನಿಂತಲ್ಲೆಲ್ಲ ಹೂಂ ಅಂದ ಬಾಯಿ ಇದು, ಈಗಲೂ ನಿಂತು ಅದಕ್ಕೇ ಕಾಯುತ್ತಿದ್ದಾರೆ, ವಿಶ್ವನಾಥನೂ ಕಾಯುತ್ತಿದ್ದಾನೆ, ಪಾಪ, ಕೈಕಟ್ಟಿಕೊಂಡು, ಎಡಬದಿಯಲ್ಲಿ ಬಿಳಿ ಬೂಟು, ನೆಲ ಮುಟ್ಟದ ಬೂಟು, ಬಾಯಿ ತೆರೆದುಕೊಂಡು, ಬಿಳಿ ಬೂಟು —

ಇಲ್ಲ ಮೇಷ್ಟ್ರೇ. ಹೇಳ್ಕೊಡಲ್ಲ.