ನಾನೊಬ್ಬನೇ

"ಏನ್ ಗುರು, ನಿನ್ನ ಆಯಾ ಇನ್ನೂ ಬಿಟ್ಟಿಲ್ವಾ ನಿನ್ನ?"

ಒಂದು ಕೈಯನ್ನು ಹುಲ್ಲಿಗೂರಿ ಬಾಗಿ ನಿಂತಿದ್ದ ಮಲಾಕೈ ಪ್ರೂಯಿಟ್ ಹೆಲ್ಮೆಟ್ಟಿನ ಕಂಬಿಗಳ ಹಿಂದಿನಿಂದ ನಕ್ಕ. ಅವನು ಕಣ್ಣಲ್ಲೇ ತೋರಿಸಿದ್ದು ಎದುರಿಗಿದ್ದ ವೆಂಡೆಲ್ ಕ್ರೌಸ್‌ನ ಪಕ್ಕದಲ್ಲಿ ನೆರವಿಗೆಂದು ನಿಂತಿದ್ದ ಇನ್ನೊಬ್ಬ ಆಟಗಾರನನ್ನು. ವೆಂಡೆಲ್ ಕಾಲನ್ನು ಹುಲ್ಲಿಗೆ ಗಟ್ಟಿಯಾಗಿ ಊರಿದ. ಸಾಲಿನಲ್ಲಿ ನಿಲ್ಲುವವರು ಎದುರಿನವನ ಮಾತಿಗೆ ಉತ್ತರ ಕೊಡಬಾರದು. ಮಾತಿನ ಜೊತೆ ಏನೇನು ಸೋರಿಹೋಗುತ್ತದೋ ಹೇಳಲಾಗದು. ಕೋಚ್ ಹ್ಯಾಲೊರನ್ ಇದನ್ನು ಮೊದಲ ವರ್ಷವೇ ತಲೆಗೆ ತುಂಬಿದ್ದರು.

ಈ ಅಮೆರಿಕನ್ ಫುಟ್‌ಬಾಲ್‌ನಲ್ಲಿ ವೆಂಡೆಲ್‌ನ ಕೆಲಸ ಒಂದೇ. ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್‌ನ ಬೆನ್ನಿನ ಕಡೆಯಿಂದ ಯಾರೂ ನುಗ್ಗದಂತೆ ತಡೆಯುವುದು. ಹಾಗೆ ನುಗ್ಗುವವರಲ್ಲಿ ಮಲಾಕೈಯನ್ನು ಮೀರಿಸುವವನು ಆ ಬಯಲು ಸೀಮೆಯ ಯಾವ ಕಾಲೇಜಿನಲ್ಲೂ ಇರಲಿಲ್ಲ. ಹಿಂದಿನ ವರ್ಷ ಇದೇ ಪಂದ್ಯದಲ್ಲಿ ಅವನು ವೆಂಡೆಲ್‌ನನ್ನು ದಾಟಿಕೊಂಡು ಹೋಗಿ ಮೂರು ಸಲ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದ್ದ. ಆ ವಾರ ಊರಿನ ಕ್ಷೌರದಂಗಡಿಗೆ ಅಪ್ಪ ಮಗ ಕಾಲಿಟ್ಟಾಗ, "ಬಂತು ನೋಡ್ರಪ್ಪಾ, ಚಿಲಕ ಇಲ್ಲದ ಬಾಗಿಲು" ಎಂದಿದ್ದ ಯಾರೋ. ಅಪ್ಪ ಕುರ್ಚಿಯಲ್ಲಿ ಕೂತು ಕೂದಲು ಕತ್ತರಿಸಿಕೊಂಡು ಸುಮ್ಮನೆ ಎದ್ದು ಬಂದರು. ಮನೆಗೆ ಬಂದ ಮೇಲೂ ಏನೂ ಅನ್ನಲಿಲ್ಲ. ಆ ಮೌನ ವರ್ಷವಿಡೀ ಊಟದ ಮೇಜಿಗೆ ಬಂದು ಕೂರುತ್ತಿತ್ತು.

ಇದು ವೆಂಡೆಲ್‌ನ ಕೊನೆಯ ಪಂದ್ಯ. ಇನ್ನು ಓದು ಮುಗಿಸಿ ಊರಿನ ಧಾನ್ಯದ ಗೋದಾಮಿನಲ್ಲಿ ಕೆಲಸಕ್ಕೆ ಸೇರುವುದು. ಬೇಸಿಗೆಯೆಲ್ಲ ಮಲಾಕೈಯ ಆಟದ ವಿಡಿಯೋಗಳನ್ನು ನೋಡಿ ನೋಡಿ ಅವನು ಒಂದು ಸಂಗತಿ ಕಂಡುಕೊಂಡಿದ್ದ. ಒಳಗೆ ತಿರುಗುವ ಮುನ್ನ ಮಲಾಕೈಯ ಹೊರಭುಜ ಚೂರೇ ಚೂರು ಇಳಿಯುತ್ತದೆ. ಆದರೆ ಆಟ ಕೊನೆಯ ಘಟ್ಟಕ್ಕೆ ಬಂದರೂ ಹ್ಯಾಲೊರನ್ ವೆಂಡೆಲ್‌ನನ್ನು ಒಂಟಿಯಾಗಿ ಬಿಟ್ಟಿರಲಿಲ್ಲ. ಮಲಾಕೈ ಯಾರನ್ನೂ ಕೆಡವಿರಲಿಲ್ಲ, ನಿಜ. ಆದರೆ ತಡೆದವನು ವೆಂಡೆಲ್ ಎಂದು ಯಾರೂ ಹೇಳುವಂತಿರಲಿಲ್ಲ.

ಆಟ ನಡುವೆ ನಿಂತಾಗ ಅವನು ಮೈದಾನದ ಅಂಚಿನಲ್ಲಿದ್ದ ಕೋಚ್ ಬಳಿಗೆ ಓಡಿದ. ಮಂಜು ಬೆರೆತ ಮಳೆ ಹನಿಯುತ್ತಿತ್ತು.

"ಕೋಚ್, ಇದೊಂದ್ಸಲ ನನ್ನೊಬ್ಬನ್ನೇ ಬಿಡಿ."

"ತಲೆ ಕೆಟ್ಟಿದೆಯೇನೋ?"

"ಅವನ ಭುಜ ನಂಗೆ ಗೊತ್ತಾಗ್ತಿದೆ ಕೋಚ್. ನಿಜವಾಗ್ಲೂ."

ಹ್ಯಾಲೊರನ್ ಅವನನ್ನು ನೋಡಿದರು. ಆಮೇಲೆ ಆಚೆ ನೀರು ಕುಡಿಯುತ್ತಿದ್ದ ಕೋಡಿ ವಾಸೆಕ್‌ನನ್ನು ನೋಡಿದರು. ಕೋಡಿ ಚೆಂಡು ಹೊತ್ತು ಓಡುವವನು, ಕುಳ್ಳ, ಗುಂಡುಕಲ್ಲಿನಂಥ ಮೈ.

"ಆಯ್ತು. ನಿನ್ನ ಪಕ್ಕ ಯಾರೂ ನಿಲ್ಲಲ್ಲ. ಅವನ ಎದೆ ಹಿಡಿದು ನೆಟ್ಟಗೆ ನಿಲ್ಲಿಸು. ನೆಟ್ಟಗೆ, ಗೊತ್ತಾಯ್ತಾ? ಅಷ್ಟು ಮಾಡು ಸಾಕು."

ಅಷ್ಟು ಹೇಳಿ ಕೋಡಿಯ ಕತ್ತಿನ ಮೇಲೆ ಕೈಹಾಕಿ ಅವನನ್ನು ಅತ್ತ ಕರೆದೊಯ್ದರು. ವೆಂಡೆಲ್ ಅದನ್ನು ಕಂಡ. ಕಂಡದ್ದು ಮನಸ್ಸಿಗೆ ಇಳಿಯಲಿಲ್ಲ. ಅಲ್ಲಿ ಆಗ ಬೇರೇನಕ್ಕೂ ಜಾಗವಿರಲಿಲ್ಲ.

ಸಾಲಿಗೆ ಬಂದು ಬಗ್ಗಿದಾಗ ಮಲಾಕೈ ಎಡಕ್ಕೆ ಬಲಕ್ಕೆ ನೋಡಿದ.

"ಆಯಾ ಎಲ್ಲೋ?" ಎಂದ. ಈ ಸಲ ನಗಲಿಲ್ಲ. "ಒಬ್ಬನೇನಾ?"

ಇಡೀ ಮಧ್ಯಾಹ್ನ ಮುಚ್ಚಿದ್ದ ಬಾಯನ್ನು ವೆಂಡೆಲ್ ತೆರೆದ. "ಹೂಂ. ನಾನೊಬ್ಬನೇ."

"ಭಲೇ ಮಗಾ. ಬಾ ಹಾಗಿದ್ರೆ."

ಚೆಂಡು ಹಿಂದಕ್ಕೆ ಸರಿದು ಆಟ ಶುರುವಾಯಿತು. ಮಲಾಕೈ ಹೊರಗಡೆ ಚಿಮ್ಮಿದ. ಅವನ ಭುಜ ಇಳಿಯಿತು, ಚೂರೇ ಚೂರು. ವೆಂಡೆಲ್‌ನ ಕಾಲು ತಾನಾಗಿಯೇ ಒಳಕ್ಕೆ ಹೋಗಿತ್ತು. ಎರಡು ಅಂಗೈಗಳೂ ಮಲಾಕೈಯ ಎದೆಗೆ ಕಚ್ಚಿಕೊಂಡವು. ಅವನು ನಿಂತ. ಅಷ್ಟು ದೊಡ್ಡ ಮೈ, ಅಷ್ಟು ವೇಗ, ಎರಡೂ ವೆಂಡೆಲ್‌ನ ತೋಳುಗಳ ತುದಿಯಲ್ಲಿ ನೆಟ್ಟಗೆ ನಿಂತುಬಿಟ್ಟವು. ಕಂಬಿಗಳಾಚೆ ಮಲಾಕೈಯ ಹುಬ್ಬು ಮೇಲೇರಿತು.

ಅಷ್ಟರಲ್ಲಿ ಪಕ್ಕದಿಂದ, ತೀರಾ ಕೆಳಗಿನಿಂದ, ಕೋಡಿ ಮಲಾಕೈಯ ಕಾಲಿಗೆ ನುಗ್ಗಿ ಬಂದ. ಹಸಿ ಕೊಂಬೆ ಮುರಿದಂಥ ಸದ್ದು. ಹಿಡಿದಿದ್ದ ಮೈ ಒಮ್ಮೆಲೇ ಭಾರವಾಯಿತು.

ತೀರ್ಪುಗಾರ ತಪ್ಪಿನ ಗುರುತಾದ ಹಳದಿ ಬಟ್ಟೆ ಎಸೆದ. ಒಬ್ಬ ಎದೆ ಹಿಡಿದಿರುವಾಗ ಇನ್ನೊಬ್ಬ ಮೊಣಕಾಲಿಗೆ ಡಿಕ್ಕಿ ಹೊಡೆಯಬಾರದು. ದಂಡ ಹದಿನೈದು ಗಜ.

"ಹದಿನೈದು ಗಜ ತಾನೇ?" ಅಂಚಿನಲ್ಲಿ ಹ್ಯಾಲೊರನ್ ಪಕ್ಕದವರಿಗೆ ಹೇಳುತ್ತಿದ್ದರು. "ಅಗ್ಗಕ್ಕೆ ಬಂತು ಬಿಡಿ."

ಕೋಡಿ ಬಿಳಿಚಿಕೊಂಡಿದ್ದ. "ಕೋಚ್ ಹೇಳಿದ್ರು ಕಣೋ. ನಿಂಗೂ ಗೊತ್ತು ಅಂದ್ಕೊಂಡೆ."

ಗಾಡಿಯಲ್ಲಿ ಸಾಗಿಸುವಾಗ ಮಲಾಕೈ ವೆಂಡೆಲ್‌ನ ಪಕ್ಕದಲ್ಲೇ ಹಾದುಹೋದ. ಕಣ್ಣುಗಳು ತೆರೆದೇ ಇದ್ದವು.

ಪಂದ್ಯ ಗೆದ್ದರು. ಹೊರಗೆ ಅಪ್ಪ ಅವನ ತೋಳು ಹಿಡಿದುಕೊಂಡು ಬಿಡಲೇ ಇಲ್ಲ. "ಇನ್ಮೇಲೆ ಯಾವನು ಬಾಗಿಲು ಅಂತಾನೋ ನೋಡ್ತೀನಿ," ಎಂದರು. ವೆಂಡೆಲ್ ತಲೆಯಾಡಿಸಿದ.

ಭಾನುವಾರ ಎಂದಿನಂತೆ ಸಾಲಿನ ಆಟಗಾರರೆಲ್ಲ ಕತ್ತಲೆ ಕೋಣೆಯಲ್ಲಿ ಪಂದ್ಯದ ವಿಡಿಯೋ ನೋಡಲು ಕೂತರು. ಆ ದೃಶ್ಯ ಬಂದಾಗ ಹ್ಯಾಲೊರನ್ ಅದನ್ನು ತಡೆದರು, ಹಿಂದಕ್ಕೆ ಓಡಿಸಿದರು, ಮತ್ತೆ ಮುಂದಕ್ಕೆ ಬಿಟ್ಟರು.

"ನೋಡ್ರೋ, ಕೈ ಅಂದ್ರೆ ಇದು. ಈ ಕಾಲು ನೋಡಿ. ನಾಲ್ಕು ವರ್ಷದಿಂದ ಬಡ್ಕೊಂಡಿದ್ದು ಇದನ್ನೇ."

ಪ್ರತಿ ಸಲವೂ ಕೋಡಿಯ ಹೆಲ್ಮೆಟ್ಟು ಅಂಚಿನಲ್ಲಿ ಕಾಣಿಸುವ ಹೊತ್ತಿಗೆ ಸರಿಯಾಗಿ ಅವರ ಬೆರಳು ಗುಂಡಿ ಒತ್ತುತ್ತಿತ್ತು. ಪರದೆಯ ಮೇಲೆ ಮಲಾಕೈ ಮತ್ತೆ ಮತ್ತೆ ಬಂದು ನೆಟ್ಟಗೆ ನಿಂತ. ಯಾರೋ ವೆಂಡೆಲ್‌ನ ಬೆನ್ನು ತಟ್ಟಿದರು.

ಎಲ್ಲರೂ ಎದ್ದುಹೋದ ಮೇಲೆ ಅವನು ರಿಮೋಟ್ ಎತ್ತಿಕೊಂಡ. ಮುಂದಕ್ಕೆ ಬಿಡಲಿಲ್ಲ. ಹಿಂದಕ್ಕೆ ಓಡಿಸಿದ, ಇನ್ನೂ ಹಿಂದಕ್ಕೆ, ಮಲಾಕೈಯ ಬೆರಳು ಹುಲ್ಲಿಗೂರುವವರೆಗೆ. ಆ ವಿಡಿಯೋಗಳಿಗೆ ಧ್ವನಿ ಇರುವುದಿಲ್ಲ. ಕಂಬಿಗಳ ಹಿಂದೆ ಮಲಾಕೈಯ ತುಟಿ ಅಲುಗಿತು, ಒಬ್ಬನೇನಾ ಎಂದು. ಅವನ ಎದುರಿಗೆ ಬಗ್ಗಿದ್ದ, ಬೆನ್ನು ಮಾತ್ರ ಕಾಣುತ್ತಿದ್ದವನ ಹೆಲ್ಮೆಟ್ಟು ಹೌದೆಂಬಂತೆ ಮೆಲ್ಲಗೆ ಆಡಿತು.