ದರ್ಜಿಯ ಕಾಲು

ಹನ್ನೊಂದನೇ ಈಜು ಮಾಸ್ಕಿನ ರಬ್ಬರ್ ಪಟ್ಟಿಗೆ ಒಂದು ಬಿಳಿ ಕೂದಲು ಅಂಟಿಕೊಂಡಿದೆ, ಸಾಬೂನು ನೀರಲ್ಲಿ ಎಷ್ಟು ಅದ್ದಿದರೂ ಬಿಡದು, ಉಗುರಲ್ಲಿ ಕಿತ್ತರೆ ಬಂದೀತು, ಕೀಳೋಕೆ ಗೈಡಿಗೆ ಕೈಯೇ ಏಳುತ್ತಿಲ್ಲ, ಥತ್, ಬೆಳಿಗ್ಗೆ ಈ ಪಟ್ಟಿಯನ್ನು ದರ್ಜಿಯ ತಲೆಗೆ ಬಿಗಿದವನು ತಾನೇ ಅಲ್ಲವೇ, ಬಿಗಿಯಾಯ್ತಾ ಯಜಮಾನ್ರೇ, ಇಲ್ಲಪ್ಪಾ ಸರಿಯಾಗಿದೆ, ಆದ್ರೆ ಈ ಜಾಕೆಟ್ ಹೊಲಿದವನ ಕೈ ಮುರೀಬೇಕು ನೋಡು, ಅಂತ ಲೈಫ್ ಜಾಕೆಟ್ಟಿನ ಅಂಚು ತಿರುವಿ ತೋರಿಸಿ ದೋಣಿಯಲ್ಲಿದ್ದವರನ್ನೆಲ್ಲ ನಗಿಸಿದ್ದ ಮನುಷ್ಯ. ಅಲ್ಲಾಡಬೇಡಿ — ಕಡಲಾಮೆ ನೋಡೋಕೆ ಬಂದವರಿಗೆ ಒಂಬತ್ತು ವರ್ಷದಿಂದ ಅವನು ಹೇಳಿಕೊಂಡು ಬಂದದ್ದು ಇದೊಂದೇ ಪಾಠ, ನೀರ ಮೇಲೆ ಬೋರಲು ಮಲಗಿ, ಉಸಿರಿನ ಕೊಳವೆ ಮೇಲಿರಲಿ, ಕೈಕಾಲು ಬಡೀಬೇಡಿ, ಹೆಣದ ಹಾಗೆ ಬಿದ್ದಿರಿ, ಆಮೆ ತಾನಾಗೇ ಪಕ್ಕಕ್ಕೆ ಬರುತ್ತೆ. ಹೌದು, ಹೆಣದ ಹಾಗೆ ಅಂತಲೇ ಹೇಳುತ್ತಿದ್ದ, ಜನ ನಗುತ್ತಿದ್ದರು, ಇವತ್ತೂ ನಕ್ಕರು, ನಾಲಿಗೆ ಬಿದ್ದುಹೋಗಬಾರದಿತ್ತೇ. ದರ್ಜಿಯ ಕಾಲು ಮಾತ್ರ ಮಾತು ಕೇಳಲೇ ಇಲ್ಲ, ಬಲಗಾಲು, ಒಂದೇ ಸಮ, ಮೇಲೆ ಕೆಳಗೆ, ನೀರೆಲ್ಲ ಕಲಕಿ ಆಮೆಗಳು ದೂರದಲ್ಲೇ ಸುಳಿದು ಹೋಗುತ್ತಿದ್ದವು, ದೋಣಿಯಲ್ಲಿ ಕೂತಿದ್ದ ಅವರ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಾ, ನಲವತ್ತು ವರ್ಷ ಮಿಷನ್ ತುಳಿದ ಕಾಲಪ್ಪಾ ಅದು, ನಿದ್ದೆಯಲ್ಲೂ ನಿಲ್ಲಲ್ಲ, ನನ್ನ ಹೊದಿಕೆಗಳೆಲ್ಲ ಹರಿದು ಚಿಂದಿಯಾಗಿವೆ. ಕೇಳಿಸಿತ್ತು ತಾನೆ, ನಿದ್ದೆಯಲ್ಲೂ ನಿಲ್ಲಲ್ಲ ಅಂತ, ಈ ಎರಡು ಕಿವಿಗೇ ಬಿದ್ದಿತ್ತು ತಾನೆ, ಮಂಕೇ. ಆದರೂ ಕೊಳವೆ ಬಾಯಿಂದ ಕಿತ್ತು ಕೂಗಿದ, ದರ್ಜಿಗಳೇ, ಸ್ವಲ್ಪ ಹೊತ್ತು ಅಂಗಡಿ ಮುಚ್ಚಿ. ಇನ್ನೂ ಎರಡು ಸಲ ಆಡಿತು ಕಾಲು. ಆಮೇಲೆ ನಿಂತಿತು.

ಶಭಾಷ್, ಅಂದ. ನೋಡಿ ಎಲ್ಲರೂ, ಕಲಿಯೋದಾದ್ರೆ ಇವರನ್ನ ನೋಡಿ ಕಲೀರಿ, ಹೀಗಿರ್ಬೇಕು, ಅಂತ ಹೊಸದಾಗಿ ಮದುವೆಯಾದ ಒಂದು ಜೋಡಿಯನ್ನು ಕೈಹಿಡಿದು ದರ್ಜಿಯ ಹತ್ತಿರಕ್ಕೆ ಎಳೆತಂದ, ಯಾಕೆಂದರೆ ಆಮೆ ಬಂದಿತ್ತು, ದೊಡ್ಡದು, ಹೆದರಿಕೆಯೇ ಇಲ್ಲದೆ ದರ್ಜಿಯ ಎದೆಯ ಕೆಳಗೆ ಹಾದು, ಮೇಲೆದ್ದು, ಕೊಳವೆಯ ಪಕ್ಕದಲ್ಲೇ ತಲೆ ಆಚೆಯಿಟ್ಟು ಬುಸ್ಸಂತ ಒಂದು ಉಸಿರು ತೆಗೆದುಕೊಂಡು ಮುಳುಗಿತು, ದೋಣಿಯಿಂದ ಹೆಂಡತಿ ಚಪ್ಪಾಳೆ ತಟ್ಟಿದಳು, ಅವನು ಕ್ಯಾಮೆರಾ ಒತ್ತುತ್ತಲೇ ಇದ್ದ, ಹನ್ನೆರಡು ನಿಮಿಷ. ಹನ್ನೆರಡು ನಿಮಿಷವೂ ಫೋಟೋಗಳಲ್ಲಿ ದಾಖಲಾಗಿದೆ, ಮೂಲೆಯಲ್ಲಿ ಸಮಯದ ಪುಟ್ಟ ಹಳದಿ ಅಂಕಿಗಳು. ಎಲ್ಲರೂ ದೋಣಿ ಹತ್ತಿ ಅಂದಾಗ ಒಬ್ಬರು ತಲೆ ಎತ್ತಲಿಲ್ಲ, ಅಷ್ಟೇ. ಆಸ್ಪತ್ರೆಯ ಡಾಕ್ಟರು ಕೇಳಿದ್ದರು, ಹಾರ್ಟ್ ಅಟ್ಯಾಕ್ ಆಗಿದೆ, ಎಷ್ಟು ಹೊತ್ತಿಗೆ ಎತ್ತಿದ್ರಿ, ಎರಡು ಮೂರು ನಿಮಿಷದೊಳಗಾದ್ರೆ ಏನಾದ್ರೂ ಮಾಡ್ಬೋದಿತ್ತು, ಅವನ ಬಾಯಿಂದ ಬಂದದ್ದು, ತಕ್ಷಣಾನೇ ಸಾರ್, ತಕ್ಷಣಾನೇ ಎತ್ತಿದೆ. ಎಷ್ಟು ಸಲೀಸಾಗಿ ಬಂತು. ದೋಣಿ ಮಾಲೀಕ ಬೆನ್ನು ತಟ್ಟಿದ, ಹಾರ್ಟ್ ನಿಂತರೆ ನಾವೇನೋ ಮಾಡೋದು, ಬಾಯಿ ಮುಚ್ಕೊಂಡಿರು, ಆ ಫೋಟೋ ಅಳಿಸಿಹಾಕು, ನಾಳೆ ಒಂಬತ್ತಕ್ಕೆ ಹದಿನಾಲ್ಕು ಜನ ಇದಾರೆ. ಅಳಿಸಲಿಲ್ಲ. ಮೂರು ಸಲ ಗುಂಡಿಯ ಮೇಲೆ ಬೆರಳಿಟ್ಟ, ಮೂರು ಸಲವೂ ಕಣ್ಣ ಮುಂದೆ ಆಮೆ ತಲೆ ಆಚೆಯಿಟ್ಟು ಉಸಿರು ತೆಗೆದುಕೊಂಡಿತು, ಬೆರಳು ಹಿಂದೆ ಬಂತು.

ಶೆಡ್ಡಿನ ಬಾಗಿಲಲ್ಲಿ ನೆರಳು. ಆಕೆಯೇ, ಕೈಯಲ್ಲಿ ಗಂಡನ ಚಪ್ಪಲಿ, ಇದನ್ನ ದೋಣೀಲಿ ಬಿಟ್ಟಿದ್ರಪ್ಪಾ, ತಗೊಂಡು ಹೋಗೋಣ ಅಂತ ಬಂದೆ, ನನ್ನ ತಮ್ಮ ಸಂಜೆ ಬರ್ತಾನೆ ಕರ್ಕೊಂಡು ಹೋಗೋಕೆ. ಕೂತ್ಕೊಳ್ಳಿ ಅಮ್ಮಾ. ಕೂತಳು. ಕಣ್ಣು ಊದಿವೆ, ದನಿ ಮಾತ್ರ ನೆಟ್ಟಗಿದೆ, ಈ ನೆಟ್ಟಗಿನ ದನಿಯೇ ಕೊಲ್ಲುತ್ತೆ. ಏನಪ್ಪಾ, ನೀನು ಶಭಾಷ್ ಅಂದೆಯಲ್ಲ, ಅವರಿಗೆ ಕೇಳಿಸಿರುತ್ತೆ ಅಲ್ವಾ, ಗಿರಾಕಿಗಳು ಯಾವತ್ತೂ ಹಾಗೆ ಅಂದವರಲ್ಲ, ಇಲ್ಲಿ ಬಿಗಿ ಅಲ್ಲಿ ಸಡಿಲ ಅನ್ನೋರೇ ಎಲ್ಲ. ಅವನು ಮಾಸ್ಕನ್ನು ಮತ್ತೆ ಸಾಬೂನು ನೀರಿಗೆ ಅದ್ದಿದ. ಫೋಟೋ ತೆಗೆದೆಯಲ್ಲ, ತೋರಿಸಪ್ಪಾ ಒಂಚೂರು. ಕ್ಯಾಮೆರಾ ಮುಳುಗಿಹೋಯ್ತು ಅನ್ನು ಅಂತ ಮಾಲೀಕ ಹೇಳಿಕೊಟ್ಟಿದ್ದಾನೆ, ಹಾಗಂದರೆ ಮುಗಿಯಿತು, ನಾಳೆ ಹದಿನಾಲ್ಕು ಜನ, ಆದರೆ ಕ್ಯಾಮೆರಾ ಮೇಜಿನ ಮೇಲೇ ಇದೆ, ಆಕೆಯ ಕೈ ಅಲ್ಲಿಗೆ ಹೋಗಿಯಾಯಿತು. ಒಂದು, ಎರಡು, ಮೂರು, ನೊರೆ ನೊರೆ ನೀರು, ಕಾಲೆಲ್ಲ ಮಸುಕು. ನಾಲ್ಕು. ಅಯ್ಯೋ ನೋಡಪ್ಪಾ, ಕಾಲು ನಿಂತಿದೆ, ಎಷ್ಟು ಚೆನ್ನಾಗಿ ಮಲಗಿದಾರೆ, ಆಮೆ ಕಿವಿ ಹತ್ರಾನೇ ಬಂದಿದೆ, ಕಣ್ಣೀರು ಇಳಿಯುತ್ತಿದೆ, ತುಟಿಯಲ್ಲಿ ನಗುವೂ ಇದೆ, ಇದನ್ನೇ ದೊಡ್ಡದು ಮಾಡಿಸಿಕೊಡು, ಗೋಡೆಗೆ ಹಾಕ್ತೀನಿ. ಆಯ್ತಮ್ಮಾ ಅನ್ನು. ಒಂದೇ ಮಾತು. ಆಮೇಲೆ ಆಕೆ ದಿನಾ ಬೆಳಿಗ್ಗೆ ಎದ್ದು ಅದರ ಮುಂದೆ ನಿಲ್ಲುತ್ತಾಳೆ, ಧೂಳು ಒರೆಸುತ್ತಾಳೆ, ಬಂದವರಿಗೆಲ್ಲ ತೋರಿಸುತ್ತಾಳೆ, ಎಷ್ಟು ಖುಷಿಯಾಗಿದ್ರು ನೋಡಿ — ಅದು ಬೇಡಮ್ಮಾ. ಅಂದುಬಿಟ್ಟ. ಅದರ ಹಿಂದಿಂದು ತಗೊಳ್ಳಿ, ಮೂರನೇದು. ಅದರಲ್ಲಿ ಆಮೆನೇ ಇಲ್ವಲ್ಲಪ್ಪಾ, ಇದಕ್ಕೇನಾಗಿದೆ. ಆಕೆ ಕ್ಯಾಮೆರಾದಿಂದ ತಲೆಯೆತ್ತಿ ಅವನ ಮುಖ ನೋಡಿದಳು, ನಗು ಇನ್ನೂ ಪೂರ್ತಿ ಆರಿಲ್ಲ, ಮತ್ತೆ ಪರದೆ ನೋಡಿದಳು, ಕಾಲು ನೋಡಿದಳು, ಬೆರಳಿಂದ ಕಾಲನ್ನೇ ಮುಟ್ಟಿದಳು, ಐದು, ಆರು, ಏಳು ಅಂತ ಬೇಗ ಬೇಗ ಸರಿಸುತ್ತಿದ್ದಾಳೆ, ಯಾಕಪ್ಪಾ, ಯಾಕೆ ಬೇಡ, ಹೇಳು, ಹೇಳಬೇಕು, ಬಾಯಿ ತೆರೆದಿದೆ, ಒಳಗೆ ಗಾಳಿಯಿಲ್ಲ — ಆಮೆ ಮೇಲೇಳುತ್ತಿದೆ, ಕೊಳವೆಯ ಪಕ್ಕದಲ್ಲೇ ತಲೆ ಆಚೆಯಿಡುತ್ತಿದೆ, ಬುಸ್ಸಂತ ಒಂದು ಉಸಿರು, ಕೊಳವೆಯಲ್ಲಿ ಉಸಿರಿಲ್ಲ, ಆಮೆ ಮೇಲೇಳುತ್ತಿದೆ, ತಲೆ ಆಚೆಯಿಡುತ್ತಿದೆ, ಒಂದು ಉಸಿರು, ಕೊಳವೆಯಲ್ಲಿ